ಕಮಲಮ್ಮ ದಾಟಿದ ಏಳನೇ ಬಾಗಿಲು

ಬಾಳ್ಳುಪೇಟೆಯಲ್ಲಿ ಕಮಲಮ್ಮ ಯಾರೆಂದು ಗೊತ್ತಿಲ್ಲದವರೇ ಹೆಚ್ಚು. ಗೊತ್ತಿರಬೇಕಾದ ಕಾರಣವೂ ಇಲ್ಲ. ಹೆದ್ದಾರಿಯಿಂದ ಕೆಳಗಿಳಿದು, ಟಯರ್ ಅಂಗಡಿಯ ಪಕ್ಕದ ಓಣಿಯಲ್ಲಿ ಐದು ನಿಮಿಷ ನಡೆದರೆ ಫಾಜಿಲ್‌ನ ಮನೆ, ಮನೆಗೆ ಅಂಟಿಕೊಂಡೇ ಅವನ ಕಾಫಿ-ಮೆಣಸಿನ ಶೆಡ್ಡು. ಆ ಶೆಡ್ಡಿನ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕಾಫಿ ಬೀಜದಲ್ಲಿ ಕಪ್ಪು ಕಾಳು, ಒಡಕು ಕಾಳು ಆರಿಸುವ ಹೆಂಗಸು ಅವಳು. ವಯಸ್ಸು ಅರವತ್ತಕ್ಕೆ ಒಂದೋ ಎರಡೋ ಕಡಿಮೆ. ಓದು ಬರಹ ಇಲ್ಲ. ಬಸ್ಸಿನ ಬೋರ್ಡನ್ನು ಬಣ್ಣ ನೋಡಿ ಗುರುತು ಹಿಡಿಯುತ್ತಾಳೆ, ಅಷ್ಟೆ.

ಇಂಥವಳನ್ನು ನೋಡಿ ಫಾಜಿಲ್‌ನ ಹೆಂಡತಿ ನಾಜಿಮಾಗೆ, ಮೈಸೂರಿನಲ್ಲಿ ಬಿ.ಎಸ್‌ಸಿ. ಮಾಡಿ, ಕಂಪ್ಯೂಟರ್ ಪಾಠದಲ್ಲಿ ಕಾಲೇಜಿಗೇ ಎರಡನೆಯವಳಾಗಿ ಪಾಸಾದವಳಿಗೆ, ಹೊಟ್ಟೆ ಉರಿಯಿತು ಎಂದರೆ ಯಾರು ನಂಬುತ್ತಾರೆ? ಉರಿಯಿತು. ಒಂದು ದಿನ ಎರಡು ದಿನ ಅಲ್ಲ, ಒಂದು ಇಡೀ ಬೇಸಿಗೆ ರಜೆ.

ಕಮಲಮ್ಮ ಹುಟ್ಟಿದ್ದು ವನಗೂರಿನ ಆಚೆ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಹನ್ನೊಂದನೇ ವಯಸ್ಸಿಗೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕುಯ್ಯಲು ಇಳಿದವಳು ನಲವತ್ತು ವರ್ಷ ಅದೇ ತೋಟದಲ್ಲಿ ಹತ್ತಿದಳು, ಇಳಿದಳು. ಗಂಡ ಸೋಮಯ್ಯ ಅಲ್ಲಿಯೇ ಕಾವಲಿನವನು. ಆನೆ ಯಾವ ಬದಿಯಿಂದ ಇಳಿಯುತ್ತದೆ, ಯಾವ ಬದಿಗೆ ಹತ್ತುತ್ತದೆ ಎಂದು ಹೇಳಬಲ್ಲವನಾಗಿದ್ದ. ಎದೆನೋವಿನಿಂದ ಹೋಗಿ ಆರು ವರ್ಷವಾಯಿತು. ಮಗಳು ವಾಣಿಯನ್ನು ಆಲೂರಿಗೆ ಕೊಟ್ಟಿದೆ. ಎಸ್ಟೇಟು ಕೈ ಬದಲಾಗಿ ಲೈನ್ ಮನೆಗಳ ಜಾಗದಲ್ಲಿ ಪ್ರವಾಸಿಗರ ಕಾಟೇಜು ಬಂದಾಗ, ಕಮಲಮ್ಮ ಒಂದು ಟ್ರಂಕು, ಎರಡು ಕೋಳಿ ತಗೊಂಡು ಬಾಳ್ಳುಪೇಟೆಗೆ ಬಂದಳು. ಬಾಡಿಗೆ ಕೋಣೆ ನೋಡಲು ಹೋದವಳು ಗೋಡೆ ನೋಡಲಿಲ್ಲ, ನೀರು ಬರುತ್ತದಾ ಎಂದು ಕೇಳಲಿಲ್ಲ. 'ಹಿಂದ್ಗಡೆ ಬಾಗಿಲು ಐತಾ?' ಎಂದಳಂತೆ. ಅವಳ ಬುದ್ಧಿಯೇ ಹಾಗೆ. ಯಾವ ಜಾಗಕ್ಕೆ ಕಾಲಿಟ್ಟರೂ ಮೊದಲು ಹೊರಗೆ ಹೋಗುವ ದಾರಿ ಎಷ್ಟಿವೆ ಎಂದು ಎಣಿಸುವುದು. ಆನೆ ಓಡಾಡುವ ತೋಟದಲ್ಲಿ ಬೆಳೆದರೆ ಬೇರೆ ಹೇಗೆ ಇರುತ್ತದೆ?

ನಾಜಿಮಾಳ ಬುದ್ಧಿ ಬೇರೆ. ಅವಳು ಎಲ್ಲಿಗೆ ಹೊರಟರೂ ಎಲ್ಲವನ್ನೂ ಹೊತ್ತುಕೊಂಡು ಹೊರಡುವವಳು. ಸಕಲೇಶಪುರಕ್ಕೆ ಅರ್ಧ ದಿನ ಹೋಗಿಬರಲು ಮಗಳಿಗೆ ಎರಡು ಜೊತೆ ಬಟ್ಟೆ, ಜ್ವರದ ಔಷಧಿ, ಕೆಮ್ಮಿನ ಔಷಧಿ, ಗ್ಲೂಕೋಸು, ಟೋಪಿ, ಕೊಡೆ. ಮಗಳು ಜೇಬಾಗೆ ಎಂಟು ವರ್ಷ. ಅವಳು ಸೀನಿದರೆ ತಾಯಿಗೆ ನಿದ್ದೆ ಇಲ್ಲ. ಹೆದ್ದಾರಿಯಲ್ಲಿ ಲಾರಿ ಹಾರ್ನ್ ಹೊಡೆದರೆ ಮಗಳು ಎಲ್ಲಿ ಎಂದು ಹುಡುಕುತ್ತಾಳೆ. ಈ ಸಲ ಮಾರ್ಚಿನಲ್ಲಿ ಟೀಚರು, 'ಜೇಬಾ ಇಂಗ್ಲಿಷ್ ಓದೋದು ತುಂಬ ನಿಧಾನ ಮೇಡಂ, ಬಾಯೇ ಬಿಡಲ್ಲ' ಎಂದಿದ್ದರು. ಅಲ್ಲಿಂದ ನಾಜಿಮಾಳ ಚಿಂತೆಗೆ ಒಂದೇ ಹೆಸರು. ದಿನಾ ಊಟವಾದ ಮೇಲೆ ಮಗಳನ್ನು ಮುಂದೆ ಕೂರಿಸಿಕೊಂಡು, ಪೆನ್ಸಿಲ್ ತುದಿಯನ್ನು ಅಕ್ಷರದ ಕೆಳಗಿಟ್ಟು, 'ಓದು' ಎನ್ನುವುದು. ಜೇಬಾಳ ತುಟಿ ಹೊಲಿದಂತೆ ಮುಚ್ಚಿಕೊಳ್ಳುವುದು.

ಆಗ ಅವಳಿಗೆ ನೆನಪಾದದ್ದು ಆ ಆಟ.

ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಸೀನಿಯರೊಬ್ಬಳು ಕೊಟ್ಟ ಕಂಪ್ಯೂಟರ್ ಆಟ. ಚಿತ್ರವಿಲ್ಲ, ಸದ್ದಿಲ್ಲ, ಓಡುವ ಕುದುರೆ ಇಲ್ಲ, ಬರೀ ಇಂಗ್ಲಿಷ್ ಮಾತು. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬರುತ್ತದೆ: ನೀನೊಂದು ಹಾಳು ಅರಮನೆಯ ಹಜಾರದಲ್ಲಿ ನಿಂತಿದ್ದೀಯ, ಉತ್ತರಕ್ಕೆ ಮೆಟ್ಟಿಲು, ಪೂರ್ವಕ್ಕೆ ತುಕ್ಕು ಹಿಡಿದ ಬಾಗಿಲು, ನೆಲದಲ್ಲಿ ಒಂದು ದೀಪ ಬಿದ್ದಿದೆ. ಆಮೇಲೆ ಅದು ಸುಮ್ಮನಾಗಿ ಕಾಯುತ್ತದೆ. ನೀವು ಏನು ಮಾಡುತ್ತೀರಿ ಎಂದು ಬರೆಯಬೇಕು. ದೀಪ ತಗೋ. ಉತ್ತರಕ್ಕೆ ಹೋಗು. ಮುನ್ನೂರಕ್ಕೂ ಹೆಚ್ಚು ಕೋಣೆಗಳು, ಹನ್ನೆರಡು ದೊಡ್ಡ ಬಾಗಿಲುಗಳು, ಒಂದೊಂದು ಬಾಗಿಲಿಗೂ ಒಂದೊಂದು ಒಗಟು. ಮೂರು ದಿನ ತಲೆ ಕೆಡಿಸಿಕೊಂಡ ಬೀಗ, ನಾಲ್ಕನೇ ದಿನ ಬಟ್ಟೆ ಒಗೆಯುತ್ತಿರುವಾಗ ಪಕ್ಕನೆ ಹೊಳೆದು, ಕೈ ಒರೆಸಿಕೊಳ್ಳದೆ ಓಡಿ ಬಂದು ಬರೆದ ಒಂದೇ ಮಾತಿಗೆ ತೆರೆದುಕೊಂಡಾಗ ಆಗುವ ಸಂತೋಷ ಇದೆಯಲ್ಲ, ಅದನ್ನು ನಾಜಿಮಾ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾರಿಗೆ ಅರ್ಥವಾಗುತ್ತದೆ? ಅವಳು ಬರೆದಿದ್ದ ನಕ್ಷೆ, ನಾಲ್ಕು ಚಾರ್ಟ್ ಪೇಪರ್ ಅಂಟಿಸಿದ್ದು, ಬೀರುವಿನಲ್ಲಿ ಮದುವೆ ಸೀರೆಯ ಕೆಳಗೆ ಸುತ್ತಿಟ್ಟಿತ್ತು.

ಅವಳು ನಿಂತದ್ದು ಏಳನೇ ಬಾಗಿಲಲ್ಲಿ. ಅಲ್ಲೊಂದು ಕಣ್ಣಿಲ್ಲದ ಮೃಗ ಅಡ್ಡ ಮಲಗಿತ್ತು. ಕತ್ತಿ ಬೀಸಿದಳು, ಕೊಳಲು ಊದಿದಳು, ನಿದ್ದೆಯ ಪುಡಿ ಎರಚಿದಳು, ತೋಟದಿಂದ ತಂದ ಹಳದಿ ಹಣ್ಣುಗಳಲ್ಲಿ ಒಂದನ್ನು ಕೊಟ್ಟಳು. ತಿಂದಿತು, ಮತ್ತೆ ಮಲಗಿತು. ಓದು ಮುಗಿಯಿತು, ನಿಕಾಹ್ ಆಯಿತು, ಮಗು ಆಯಿತು. ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ತೆಗೆದು ಆ ಮೃಗದ ಮುಂದೆ ನಿಲ್ಲುವುದು, ವಾಪಸ್ ಬರುವುದು. ಹನ್ನೊಂದು ವರ್ಷ. ಉತ್ತರವೆಲ್ಲ ಇಂಟರ್‌ನೆಟ್‌ನಲ್ಲಿ ಇದೆ ಎಂದು ಗೊತ್ತಿತ್ತು. ಒಂದು ಸಲವೂ ನೋಡಿರಲಿಲ್ಲ. ಅದೊಂದು ಜಂಬ ಅವಳಿಗೆ.

ಈ ಆಟವನ್ನೇ ಮಗಳಿಗೆ ಕಲಿಸಿದರೆ? ಓದದೆ ಆಡುವುದೇ ಸಾಧ್ಯವಿಲ್ಲ. ಏಪ್ರಿಲ್ ಮೊದಲ ವಾರ ಶುರು ಮಾಡಿದರು. ನಾಜಿಮಾ ಪಕ್ಕದಲ್ಲಿ ಕೂತು, 'ಸ್ಪಷ್ಟವಾಗಿ ಓದು. ಈ ಪದದ ಅರ್ಥ? ನೋಟ್‌ಬುಕ್ಕಲ್ಲಿ ಐದು ಸಲ ಬರಿ. ಅಲ್ಲ ಅಲ್ಲ, ದೀಪ ಮೊದಲು ತಗೋಬೇಕು' ಎನ್ನುತ್ತಿದ್ದಳು. ನಾಲ್ಕನೇ ದಿನ ಜೇಬಾಗೆ ಹೊಟ್ಟೆನೋವು ಬಂತು. ಐದನೇ ದಿನವೂ ಬಂತು, ಸರಿಯಾಗಿ ಎರಡು ಗಂಟೆಗೆ.

ಆರನೇ ದಿನ ನಾಜಿಮಾ ಹಲ್ಲು ತೋರಿಸಲು ಸಕಲೇಶಪುರಕ್ಕೆ ಹೋಗಬೇಕಿತ್ತು. ಫಾಜಿಲ್ ಪಿಕಪ್ ತಗೊಂಡು ಬಿಸಿಲೆ ಕಡೆ ಏಲಕ್ಕಿ ತರಲು ಹೋಗಿದ್ದ. ಜೇಬಾಳನ್ನು ಕಮಲಮ್ಮನ ಹತ್ತಿರ ಬಿಟ್ಟು, ಸುಮ್ಮನಿರಲಿ ಎಂದು ಲ್ಯಾಪ್‌ಟಾಪನ್ನೂ ಕೊಟ್ಟು, 'ರಸ್ತೆಗೆ ಬಿಡಬೇಡಿ, ಬಿಸಿಲಿಗೆ ಬಿಡಬೇಡಿ, ನೀರು ಕುದಿಸಿದ್ದೇ ಕೊಡಿ' ಎಂದು ಮೂರು ಸಲ ಹೇಳಿ ಹೋದಳು.

ಸಂಜೆ ಓಣಿಯ ತುದಿಯಲ್ಲೇ ನಗು ಕೇಳಿಸಿತು. ಮಗಳ ನಗು ತನಗೆ ಗೊತ್ತಿಲ್ಲದ ಮನೆಯಿಂದ ಬಂದಂತೆ ಕೇಳಿಸಿತು.

ಜಗಲಿಯಲ್ಲಿ ಕಮಲಮ್ಮ ಬೀಜ ಆರಿಸುತ್ತಿದ್ದಳು. ಜೇಬಾ ಗೋಣಿ ಮೂಟೆಗೆ ಒರಗಿ, ಲ್ಯಾಪ್‌ಟಾಪ್ ಮಂಡಿಯ ಮೇಲಿಟ್ಟುಕೊಂಡು, ಗಟ್ಟಿಯಾಗಿ ಇಂಗ್ಲಿಷ್ ಓದುತ್ತಿದ್ದಳು. ಓದಿ, ಕನ್ನಡದಲ್ಲಿ ಹೇಳುತ್ತಿದ್ದಳು.

'ಕಮಲಜ್ಜಿ, ದೊಡ್ಡ ಬಾವಿ. ಹಗ್ಗ ಇಲ್ಲ.'

'ಎಷ್ಟು ದಾರಿ ಐತೆ ಅಲ್ಲಿಂದ?'

'ಮೂರು.'

'ಬಂದಿದ್ದು ಸೇರ್ಸಿಯಾ, ಬುಟ್ಟಾ?'

'ಸೇರಿಸಿ.'

'ಅಂಗಾರೆ ಎಲ್ಡೇ ಅನ್ನು. ಆ ಬಾವಿತಾವ ಗೋಡೆ ಎಂಗೈತೆ, ಓದು. ಬಳ್ಳಿ ಗಿಳ್ಳಿ ಏನಾರ ಬರ್ದವ್ನಾ?'

ಜೇಬಾ ಓದಿದಳು. ಆಟ ಕಟ್ಟಿದವನು ಬಳ್ಳಿ ಬರೆದಿದ್ದ. ಇಬ್ಬರೂ ಬಳ್ಳಿ ಹಿಡಿದು ಬಾವಿಗಿಳಿದರು. ನಾಜಿಮಾ ಹಾಸ್ಟೆಲಿನಲ್ಲಿ ಆ ಬಳ್ಳಿ ಕಾಣಲು ಎಂಟು ದಿನ ತಗೊಂಡಿದ್ದಳು.

'ಚೆನ್ನಾಗಿ ಆಡ್ತಿದೀರಲ್ಲ' ಎಂದಳು, ಹಲ್ಲಿನ ಮರಗಟ್ಟುವಿಕೆ ಇನ್ನೂ ಬಿಟ್ಟಿರದ ಬಾಯಲ್ಲಿ.

'ನಾನೆಲ್ಲಿ ಆಡೀನವ್ವ, ನಾನು ಬೀಜ ಆರುಸ್ತಾ ಇವ್ನಿ' ಎಂದಳು ಕಮಲಮ್ಮ. 'ಕೂಸು ಓದ್ತದೆ, ನಾನು ಅತ್ತ ಹೋಗು ಇತ್ತ ಹೋಗು ಅಂತೀನಿ. ಅವ್ನ್ಯಾವನೋ ಈ ಅರ್ಮನೆ ಕಟ್ಟಿದೋನು ಭಾರಿ ಕಿಲಾಡಿ ಕಣವ್ವ. ಒಂದು ಮಾತೂ ಸುಮ್ನೆ ಬರ್ದಿಲ್ಲ.'

ಅಂದಿನಿಂದ ಜೇಬಾಳ ಹೊಟ್ಟೆನೋವು ವಾಸಿಯಾಯಿತು. ತಿಂಡಿ ತಿಂದವಳೇ ಜಗಲಿಗೆ. ಕಮಲಮ್ಮನಿಗೆ ನಕ್ಷೆ ಬರೆಯಲು ಬಾರದು, ಬೇಕಾಗಿಯೂ ಇರಲಿಲ್ಲ. ಕೋಣೆಗಳಿಗೆಲ್ಲ ಹೆಸರಿಟ್ಟಿದ್ದಳು, ತೋಟದ ಬ್ಲಾಕುಗಳಿಗೆ ಇಟ್ಟಂತೆ. ಕಂಬಗಳ ಸಾಲಿನ ಹಜಾರ ಅವಳ ಬಾಯಲ್ಲಿ 'ಸಿಲ್ವರ್ ಮರದ ಪಟ್ಟೆ'. ತೇವದ ಸುರಂಗ 'ಜೌಗಿನ ತಾವು'. ಪುಸ್ತಕಗಳ ಕೋಣೆ, ತೋಟದ ಲೆಕ್ಕ ಬರೆಯುವವನ ಹೆಸರಲ್ಲಿ, 'ರೈಟರ ಆಫೀಸು'. 'ಜೌಗಿನ ತಾವಿಂದ ಮೇಲೆ ಹತ್ತಿ ಸಿಲ್ವರ್ ಮರ ದಾಟಿ ರೈಟರ ಆಫೀಸ್‌ಗೆ ಹೋಗು' ಎಂದರೆ ಜೇಬಾಳ ಬೆರಳು ತಡವರಿಸದೆ ಓಡುತ್ತಿತ್ತು. ಅಡಿಗೆ ಮನೆಯ ಕಿಟಕಿಯಿಂದ ನಾಜಿಮಾಗೆ ಎಲ್ಲ ಕೇಳಿಸುತ್ತಿತ್ತು. ಕಿಟಕಿ ಮುಚ್ಚಿದರೆ ಹೊಗೆ. ತೆರೆದರೆ ಇದು.

ಅವಳು ಮಾಡಬಾರದ್ದನ್ನೇನೂ ಮಾಡಲಿಲ್ಲ, ಮೊದಮೊದಲು. ಶೆಡ್ಡಿನ ಧೂಳು ಎಂದಳು. ಕಣ್ಣು ಹಾಳಾಗುತ್ತದೆ ಎಂದಳು. ಗೋಣಿಯಲ್ಲಿ ಚೇಳಿರುತ್ತದೆ ಎಂದಳು. ಕಮಲಮ್ಮ ಮರುದಿನ ಮೂಟೆಗಳನ್ನೆಲ್ಲ ಕೊಡವಿ, ಜಗಲಿಗೆ ನೀರು ಚಿಮುಕಿಸಿ, ಚಾಪೆ ಹಾಸಿಟ್ಟಿದ್ದಳು.

'ನಂಜೊತೆ ಓದಲ್ಲ. ಅವರ ಜೊತೆ ಓದ್ತಾಳೆ' ಎಂದಳು ಫಾಜಿಲ್‌ಗೆ.

'ಓದ್ತಾಳಲ್ಲ, ಅಷ್ಟು ಸಾಕಲ್ಲ ಮಾರಾಯ್ತಿ.'

'ಅವರಿಗೆ ಅಕ್ಷರಾನೇ ಬರಲ್ಲ.'

'ಅದಕ್ಕೇ ಇರ್ಬೇಕು' ಎಂದು ಫಾಜಿಲ್ ನಕ್ಕ. 'ತಪ್ಪು ಹಿಡಿಯೋಕೆ ಗೊತ್ತಾದ್ರೆ ತಾನೆ. ನೋಡು, ನಿಂಗೆ ಹೊಟ್ಟೆಕಿಚ್ಚು.'

'ನಂಗಾ? ಕಮಲಮ್ಮನ ಮೇಲಾ?'

'ಮತ್ತೆ ನನ್ನ ಮೇಲಾ? ನಾನೇನ್ ಅರಮನೆಗೆ ಹೋಗಿದ್ನಾ?'

ಅವನಿಗೆ ಎಲ್ಲವೂ ತಮಾಷೆ. ಅವಳು ಆ ದಿನ ರೊಟ್ಟಿಯನ್ನು ಎಷ್ಟು ತೆಳ್ಳಗೆ ಲಟ್ಟಿಸಿದಳೆಂದರೆ ಎಲ್ಲವೂ ಹರಿದವು.

ಮೇ ಎರಡನೇ ವಾರ, ಒಂದು ಮಧ್ಯಾಹ್ನ, ಅವರು ಏಳನೇ ಬಾಗಿಲಿಗೆ ಬಂದರು. ನಾಜಿಮಾಗೆ ಮಗಳು ಓದಿದ ಮೊದಲ ಸಾಲಿಗೇ ಗೊತ್ತಾಯಿತು. ಒಲೆ ಆರಿಸಿ ಕಿಟಕಿಗೆ ಬಂದು ನಿಂತಳು. ಅವಳ ಮನಸ್ಸಿನಲ್ಲಿದ್ದದ್ದನ್ನು ಹೇಳಲೇಬೇಕು: ಇಲ್ಲಿ ಸಿಕ್ಕಿಹಾಕಿಕೊಳ್ಳಲಿ ಎಂದಿತ್ತು. ಸಿಕ್ಕಿಹಾಕಿಕೊಂಡರೆ ಮಗಳು ಎದ್ದು ಬರುತ್ತಾಳೆ. 'ಅಮ್ಮಿ, ನೀನೆಲ್ಲಿ ತನಕ ಹೋಗಿದ್ದೆ' ಎಂದು ಕೇಳುತ್ತಾಳೆ. ಆಗ ಬೀರು ತೆರೆದು ನಕ್ಷೆ ತೋರಿಸಬಹುದು.

ಅಲ್ಲಿ ಜೇಬಾ ಕತ್ತಿ ಬೀಸಿದಳು. ಮೃಗ ಅಲ್ಲಾಡಲಿಲ್ಲ. ಒಂದು ಹಣ್ಣು ಕೊಟ್ಟಳು. ತಿಂದು ಮಲಗಿತು.

'ಕೊಡಬ್ಯಾಡ ಕಣೇ' ಎಂದಳು ಕಮಲಮ್ಮ, ಮೊರ ಕೆಳಗಿಟ್ಟು. 'ಒಂದ್ಸಲ ಕೊಟ್ರೆ ಅದು ಇಲ್ಲೇ ಮನೆ ಮಾಡ್ತದೆ. ಅದೇನು, ಕಣ್ಣಿಲ್ವಾ ಅದಕ್ಕೆ?'

'ಇಲ್ಲ. ಮೂಗು ನೆಲಕ್ಕಿಟ್ಟು ಮಲಗಿದೆ ಅಂತ ಬರೆದಿದೆ.'

'ಮೂಗೈತಲ್ಲ ಮತ್ತೆ. ನಿನ್ನ ಚೀಲ್ದಾಗೆ ಏನೇನೈತೆ ಓದು ನೋಡಾನ.'

ಜೇಬಾ ಓದಿದಳು. ದೀಪ, ಕತ್ತಿ, ಕೊಳಲು, ಬೀಗದ ಕೈ ಮೂರು, ಕನ್ನಡಿ, ಹಳದಿ ಹಣ್ಣು ನಾಲ್ಕು.

ಕಮಲಮ್ಮ ಹಣೆಗೆ ಕೈ ಹಚ್ಚಿಕೊಂಡಳು. 'ಹಣ್ಣು ಹೊತ್ಕಂಡು ಹೋಗಿ ಅದ್ರ ಮುಂದೆ ನಿಂತಿದ್ದೀಯಲ್ಲೇ ನನ್ನ ತಾಯಿ. ಅದು ನಿನ್ನ ಎಲ್ಲಿಗೆ ಬುಟ್ಟಾತು? ಲೈನ್ ಮನೆತಾವ ಈ ತಿಂಗ್ಳಲ್ಲಿ ನಾವೇನ್ ಮಾಡ್ತಿದ್ವಿ ಗೊತ್ತಾ? ಹಲಸಿನಕಾಯಿ ಬಲೀತಿದ್ದಂಗೆ ಅಷ್ಟೂ ಕಿತ್ತು, ದೂರ ಗುಂಡಿ ತೋಡಿ ಹೂತುಬುಡೋದು. ಮರದಾಗೆ ಒಂದು ಹಣ್ಣಾದ್ರೂ ಆನೆ ಅಂಗಳಕ್ಕೇ ಬರ್ತದೆ. ಹೂತು ಬಂದ್ಮ್ಯಾಲೆ ಕೈ ಸೋಪಾಕಿ ತೊಳಿತಿದ್ವಿ, ಅಂಗಳ ಸಾರುಸ್ತಿದ್ವಿ. ವಾಸ್ನೆ ಉಳೀಬಾರ್ದು. ನಡಿ ವಾಪಸ್. ಬಾವಿತಾವ ಹೋಗಿ ಹಣ್ಣು ಅದ್ರೊಳಕ್ಕಾಕು.'

'ಹಾಕಿದೆ.'

'ಕೈ ತೊಳ್ಕ.'

'ಆಟದಲ್ಲಿ ಕೈ ತೊಳ್ಕೊಳಕ್ಕೆ ಆಗುತ್ತಾ ಕಮಲಜ್ಜಿ?'

'ಬರ್ದು ನೋಡು.'

ಜೇಬಾ ಬರೆದಳು. ಆಟ ಉತ್ತರ ಕೊಟ್ಟಿತು: ನಿನ್ನ ಕೈಯಿಂದ ಹಣ್ಣಿನ ವಾಸನೆ ಹೋಯಿತು. ವಾಪಸ್ ಬಂದರು. ಮೃಗ ಮೂಸಿತು. ಎದ್ದು, ಮೈ ಕೊಡವಿ, ಬಾವಿಯ ದಿಕ್ಕಿಗೆ ಹೊರಟುಹೋಯಿತು.

ಮಗಳು ಚಾಪೆಯ ಮೇಲೆ ಕುಣಿದದ್ದು, ಕಮಲಮ್ಮ ಸೆರಗು ಬಾಯಿಗಿಟ್ಟು ನಕ್ಕದ್ದು, ನಾಜಿಮಾ ಕಿಟಕಿಯ ಸರಳಿನ ಹಿಂದೆ ನಿಂತು ನೋಡಿದಳು. ಹನ್ನೊಂದು ವರ್ಷ ಅವಳು ಆ ಮೃಗದ ಮುಂದೆ ಹಣ್ಣಿನ ಚೀಲ ಹೊತ್ತು ನಿಂತಿದ್ದಳು. ಎಲ್ಲವನ್ನೂ ಹೊತ್ತು ತಿರುಗುವ ಬುದ್ಧಿ. ಬಾವಿ ದಾಟಿ, ಕೋಣೆ ದಾಟಿ, ಬೀದಿ ದಾಟಿ, ಸಂಸಾರ ದಾಟಿ ಅದೇ ಚೀಲ. ಯಾರಾದರೂ ದೊಡ್ಡ ಜಾಣರು ಬಂದು ಆ ಬಾಗಿಲು ತೆರೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಬೀಜ ಆರಿಸುತ್ತಾ, ಎಲೆ ಅಡಿಕೆ ಹಾಕುತ್ತಾ, ಅರ್ಧ ಗಳಿಗೆಯಲ್ಲಿ! ಮಗಳು ಎದ್ದು ಬರಲಿಲ್ಲ. ನಕ್ಷೆ ಬೀರುವಿನಲ್ಲೇ ಉಳಿಯಿತು.

ಎಂಟನೇ ಬಾಗಿಲು ಗಂಟೆಗಳ ಮನೆ. ಹತ್ತೊಂಬತ್ತು ಗಂಟೆಗಳು, ಒಂದೊಂದರ ಮೇಲೂ ನಾಲ್ಕು ಸಾಲು ಬರಹ, ಯಾವುದರ ನಂತರ ಯಾವುದು ಬಾರಿಸಬೇಕೆಂಬುದು ಆ ಸಾಲುಗಳಲ್ಲಿ ಅಡಗಿದೆ. ಮೂರು ದಿನ ಅವರಿಬ್ಬರೂ ಅಲ್ಲಿಯೇ ಬಿದ್ದುಕೊಂಡಿದ್ದರು, ಸ್ವಲ್ಪವೂ ಬೇಸರವಿಲ್ಲದೆ. ಜೇಬಾ ಎಪ್ಪತ್ತಾರು ಸಾಲುಗಳನ್ನು ದಿನಕ್ಕೆ ಹತ್ತು ಸಲ ಓದುತ್ತಿದ್ದಳು. ಮಲಗುವ ಮುಂಚೆ, ಹಲ್ಲುಜ್ಜುವಾಗ, ಬಾಯಲ್ಲಿ ಅದೇ. 'ಕಮಲಜ್ಜಿ ಹೇಳಿದ್ಲು, ತಾಮ್ರದ ಗಂಟೆ ಸುಳ್ಳು ಹೇಳ್ತಿದೆ ಅಂತ.' ಕಮಲಜ್ಜಿ ಅದು ಹೇಳಿದ್ಲು, ಇದು ಹೇಳಿದ್ಲು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಕಮಲಜ್ಜಿ.

ನಾಲ್ಕನೇ ದಿನ ನಾಜಿಮಾ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಆ ಆಟದ ಉತ್ತರಗಳನ್ನು ಹುಡುಕಿದಳು. ಒಂದೇ ಪುಟದಲ್ಲಿ ಎಲ್ಲ ಇತ್ತು. ಗಂಟೆಗಳ ಕ್ರಮ ಮಾತ್ರ ನೋಡಿ ಮುಚ್ಚುತ್ತೇನೆ ಎಂದುಕೊಂಡವಳು ಹನ್ನೆರಡನೇ ಬಾಗಿಲಿನವರೆಗೂ, ಕೊನೆಯ ಕೋಣೆಯ ಕೊನೆಯ ಮಾತಿನವರೆಗೂ ಓದಿದಳು. ಮುಕ್ಕಾಲು ಗಂಟೆ. ಮುಖ ತೊಳೆದು, ಟೀ ಮಾಡಿ, ಎರಡು ಲೋಟ ಹಿಡಿದು ಜಗಲಿಗೆ ಬಂದಳು.

'ಇನ್ನೂ ಗಂಟೇಲೇ ಇದ್ದೀರಾ?' ಎಂದಳು, ಸುಮ್ಮನೆ ಕೇಳಿದಂತೆ. 'ಮೊದಲು ಕಂಚು. ಆಮೇಲೆ ಬೆಳ್ಳಿ. ಆಮೇಲೆ ಒಡೆದದ್ದು, ಅದನ್ನ ಎರಡು ಸಲ. ಬರಿ ಜೇಬಾ, ನಾನು ಹೇಳ್ತೀನಿ.'

ಹೇಳುತ್ತಾ ಹೋದಳು. ಜೇಬಾ ಬರೆಯುತ್ತಾ ಹೋದಳು. ತಾಯಿ ಹೇಳಿದ್ದನ್ನು ಬರೆಯುವ ರೂಢಿ. ಬಾಗಿಲು ತೆರೆಯಿತು.

ಯಾರೂ ಕುಣಿಯಲಿಲ್ಲ. ಜೇಬಾ ಪರದೆ ನೋಡಿದಳು, ತಾಯಿಯನ್ನು ನೋಡಿದಳು, ಲ್ಯಾಪ್‌ಟಾಪಿನ ಮುಚ್ಚಳ ಮೆಲ್ಲಗೆ ಮುಚ್ಚಿದಳು.

'ಯಾಕೆ? ಮುಂದಿನದೂ ಗೊತ್ತು ನಂಗೆ.'

'ಆಯ್ತು ಬುಡವ್ವ' ಎಂದಳು ಕಮಲಮ್ಮ. ಟೀ ಕುಡಿದಳು, ಲೋಟ ತೊಳೆದು ಬೋರಲು ಹಾಕಿದಳು, ಮೊರ ತಗೊಂಡಳು. ಕಣ್ಣು ಮೊರದಿಂದ ಮೇಲೆ ಬರಲಿಲ್ಲ.

ಮರುದಿನ ಜೇಬಾ ಜಗಲಿಗೆ ಬರಿಗೈಯಲ್ಲಿ ಹೋದಳು. ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು. 'ಬಾ, ನಾವಿಬ್ರೇ ಆಡೋಣ' ಎಂದರೆ, 'ನಿಂಗೆ ಎಲ್ಲ ಗೊತ್ತಲ್ಲ ಅಮ್ಮಿ' ಎಂದಳು. ಸಿಟ್ಟಿನಲ್ಲಿ ಹೇಳಿದ್ದರೆ ಬೈಯಬಹುದಿತ್ತು. ಪಾಪದವಳಿಗೆ ಹೇಳಿದಂತೆ ಹೇಳಿದಳು. ಪಾಠದ ಪುಸ್ತಕ ಮುಂದಿಟ್ಟರೆ ತುಟಿ ಮತ್ತೆ ಮುಚ್ಚಿತು. ಸ್ಕೂಲು ಶುರುವಾಗಲು ಹತ್ತು ದಿನ ಉಳಿದಿತ್ತು.

ನಾಜಿಮಾ ಒಬ್ಬಳೇ ಆಟ ತೆರೆದಳು. ಒಂಬತ್ತನೇ ಬಾಗಿಲು, ಉತ್ತರ ಬರೆದಳು, ತೆರೆಯಿತು. ಹತ್ತನೆಯದು, ತೆರೆಯಿತು. ಬಾಗಿಲುಗಳು ಅಂಗಡಿ ಷಟರಿನಂತೆ ಏಳುತ್ತಿದ್ದವು, ಅಷ್ಟೆ. ಹಾಸ್ಟೆಲಿನ ಒಗೆಯುವ ಕಲ್ಲಿನ ಹತ್ತಿರದಿಂದ ಒದ್ದೆ ಕೈಯಲ್ಲಿ ಓಡಿಬಂದ ಹುಡುಗಿ ಈ ಬಾಗಿಲುಗಳಿಗೆ ಇನ್ನು ಬರುವುದಿಲ್ಲ ಎಂದು ಗೊತ್ತಾಯಿತು. ಅವರಿಬ್ಬರ ಆಟವನ್ನಷ್ಟೇ ಕೆಡಿಸಿದೆ ಎಂದುಕೊಂಡಿದ್ದಳು. ಹನ್ನೆರಡನೇ ಬಾಗಿಲಿನವರೆಗೆ ಹೋಗದೆ, ತೆರೆದ ಬಾಗಿಲು ಯಾವುದನ್ನೂ ಸೇವ್ ಮಾಡದೆ ಮುಚ್ಚಿಬಿಟ್ಟಳು.

ಐದನೇ ದಿನ ಜೇಬಾ ಮಲಗಿದ್ದಾಗ ಜಗಲಿಗೆ ಹೋಗಿ ಕಮಲಮ್ಮನ ಎದುರು ಕೂತಳು.

'ನನ್ನ ಮೇಲೆ ಸಿಟ್ಟಾ ಕಮಲಮ್ಮ?'

'ಸಿಟ್ಯಾಕವ್ವ.'

'ನಾನು ಸಹಾಯ ಮಾಡೋಣ ಅಂತ ಹೇಳಿದ್ದು.'

ಕಮಲಮ್ಮ ಒಂದು ಕಪ್ಪು ಕಾಳು ಆರಿಸಿ ಪಕ್ಕಕ್ಕೆ ಎಸೆದಳು. 'ತೋಟದಾಗೆ ಬೆಳಿಗ್ಗೆ ರೈಟರು ಒಬ್ಬೊಬ್ರಿಗೆ ಒಂದೊಂದು ಸಾಲು ಕೊಡ್ತಾರೆ. ಆ ಸಾಲು ಅವಳ್ದು. ಪಕ್ಕದ ಸಾಲೋಳು ಎಷ್ಟೇ ಬೇಗ ಮುಗಿಸ್ಲಿ, ಇವಳ ಗಿಡಕ್ಕೆ ಕೈ ಹಾಕಂಗಿಲ್ಲ. ಹಾಕಿ, ಹಣ್ಣು ಇವಳ ಚೀಲಕ್ಕೇ ಸುರುವಿದ್ರೂ ಹಾಕಂಗಿಲ್ಲ. ಚೀಲ ತುಂಬ್ತದೆ ಕಣವ್ವ, ಆದ್ರೆ ಗಿಡ ಬರಿದಾಗಿರ್ತದಲ್ಲ. ನನ್ನ ಗಿಡದ ಹಣ್ಣು ಮುಟ್ಟೋಕೆ ನಾನು ಬೆಳಿಗ್ಗೆಯಿಂದ ಬಂದಿವ್ನಿ. ನೀನ್ಯಾಕೆ ಬಂದೆ?'

ನಾಜಿಮಾ ತಲೆ ಬಗ್ಗಿಸಿದಳು. ಆಮೇಲೆ, ಯಾಕೆ ಹೇಳುತ್ತಿದ್ದೇನೆ ಎಂದು ಗೊತ್ತಿಲ್ಲದೆ ಹೇಳಿದಳು: 'ಸಹಾಯಕ್ಕಲ್ಲ. ನನಗೆ ತಡೀಲಿಲ್ಲ. ನಿಮ್ ಹತ್ರ ಓದ್ತಾಳೆ, ನಗ್ತಾಳೆ. ನನ್ ಹತ್ರ ಬಾಯೇ ಬಿಡಲ್ಲ. ಆ ಬಾಗಿಲಲ್ಲಿ ಹನ್ನೊಂದು ವರ್ಷ ನಿಂತಿದ್ದೆ ನಾನು.'

'ಅದು ನಂಗೆ ಗೊತ್ತಿತ್ತಲ್ಲ.'

'ಯಾವುದು?'

'ತಡೀತಿಲ್ಲ ಅನ್ನೋದು. ಕಿಟಕೀಲಿ ನಿಂತಿದ್ರೆ ನೆರಳು ಜಗ್ಲಿಗೇ ಬೀಳ್ತದೆ ನಾಜಿಮವ್ವ.' ಕಮಲಮ್ಮ ಮೊದಲ ಸಲ ಮುಖ ಎತ್ತಿದಳು. 'ಕರೀಬೇಕಿತ್ತೇನೋ ನಾನು. ಕರೀಲಿಲ್ಲ. ಕೂಸು ನನ್ನೊಬ್ಬಳ ಪಕ್ಕಾನೇ ಇರ್ಲಿ ಅಂತ ನಂಗೂ ಇತ್ತು. ವಾಣಿ ಚಿಕ್ಕೋಳಿದ್ದಾಗ ಅವಳನ್ನ ತೋಟದ ಶಿಶುಮನೇಲಿ ಬುಟ್ಟು ಹೋಗ್ತಿದ್ದೆ, ಕುಯ್ಲಿಗೆ. ಅವಳ ಮಾತು ಕೇಳಿದ್ದೆಲ್ಲ ಅಲ್ಲಿ ಕೂಸು ನೋಡ್ಕಳೋ ಆಯಮ್ಮಾನೇ.'

ನಾಜಿಮಾ ಮೊರದಿಂದ ಒಂದು ಒಡಕು ಕಾಳು ಆರಿಸಿ ಪಕ್ಕಕ್ಕಿಟ್ಟಳು.

'ಸಾಲಿಗೆ ಕೈ ಹಾಕಿದೋಳಿಗೆ ಏನ್ ಮಾಡ್ತಿದ್ರಿ?' ಎಂದಳು ನಾಜಿಮಾ.

'ಏನಿಲ್ಲ. ಅವತ್ತು ಸಂಜೆ ಇವಳ ಮೂಟೆ ಅವಳು ಹೊರ್ಬೇಕು, ತೂಕದ ಮನೆ ತಂಕ. ಬಾಯಿ ಬಿಡಂಗಿಲ್ಲ. ಮಾರನೇ ದಿನ ಮುಗೀತು.' ಕಮಲಮ್ಮ ಮೊರ ಕೇರಿದಳು. 'ನೀವು ಟೈಪ್ ಮಾಡ್ತೀರಾ? ಕೂಸಿಗೆ ಓದೋದು, ಬರೆಯೋದು ಎಲ್ಡೂ ಆಗಿ ಬೆರಳು ನೋಯ್ತದೆ ಅಂತಿದ್ಲು. ಬಾಯಿ ಮಾತ್ರ ಬಿಡಂಗಿಲ್ಲ.'

ಜೇಬಾ ಎದ್ದು ಬಂದಾಗ ಕಮಲಮ್ಮನೇ ಹೇಳಿದಳು. ಜೇಬಾ ಒಪ್ಪಲಿಲ್ಲ. 'ಅಮ್ಮಿಗೆ ಎಲ್ಲ ಗೊತ್ತು. ಹೇಳ್ಬಿಡ್ತಾಳೆ.'

'ಹೇಳಿದ್ರೆ ನಾಳೆಯಿಂದ ಒಂದು ಮೂಟೆ ಬೀಜ ಅವರೇ ಆರುಸ್ಬೇಕು. ಅಂಗಂತ ಮಾತಾಗೈತೆ.'

'ಪೂರ್ತಿ ಮೂಟೆ?'

'ಪೂರ್ತಿ.'

ಜೇಬಾ ತಾಯಿಯ ಮುಖವನ್ನು ಬಹಳ ಹೊತ್ತು ಪರೀಕ್ಷೆ ಮಾಡಿದಳು. ಲ್ಯಾಪ್‌ಟಾಪ್ ತಂದು ಅವಳ ತೊಡೆಯ ಮೇಲಿಟ್ಟಳು. ಕಾಫಿ ಚೀಲದಂತೆ ಭಾರವಾಗಿತ್ತು ಅದು, ಅಥವಾ ನಾಜಿಮಾಗೆ ಹಾಗೆನಿಸಿತು. ಗಂಟೆಗಳ ಬಾಗಿಲು ತೆರೆದಿತ್ತು. ಅದು ಹೋದ ಗಿಡ, ಬಿಡು, ಎಂದಳು ಕಮಲಮ್ಮ. ಒಳಗೆ ನಡೆದರು.

ಜೇಬಾ ತಾಯಿಯ ಭುಜದ ಮೇಲಿಂದ ಬಗ್ಗಿ ಓದಿದಳು. ಎರಡನೇ ಸಾಲಿನಲ್ಲಿ ಒಂದು ಉದ್ದದ ಪದಕ್ಕೆ ನಿಂತಳು. ನಾಜಿಮಾಳ ನಾಲಿಗೆ ತುದಿಗೆ ಆ ಪದ ಬಂತು. ಹಲ್ಲು ಕಚ್ಚಿದಳು, ಸಕಲೇಶಪುರದಲ್ಲಿ ತುಂಬಿಸಿದ ಹಲ್ಲೇ ನೋಯುವಷ್ಟು. ಕಮಲಮ್ಮನಿಗೆ ಅವಸರವೇ ಇಲ್ಲ, ಅವಳು ಬೀಜ ಆರಿಸುತ್ತಿದ್ದಳು. ಜೇಬಾ ಪದವನ್ನು ಮೂರು ತುಂಡು ಮಾಡಿದಳು, ಒಂದು ತುಂಡು ತಪ್ಪಾಯಿತು, ವಾಪಸ್ ಹೋಗಿ ಸರಿಮಾಡಿಕೊಂಡಳು, ಮುಂದೆ ಹೋದಳು. ಇಷ್ಟೇ ಹೊತ್ತು ಬೇಕಿತ್ತು ಅವಳಿಗೆ. ಇಷ್ಟು ಹೊತ್ತನ್ನು ತಾನು ಯಾವತ್ತಾದರೂ ಕೊಟ್ಟಿದ್ದೆನಾ ಎಂದು ನಾಜಿಮಾ ಲೆಕ್ಕ ಹಾಕಿದಳು. ನೆನಪಾಗಲಿಲ್ಲ.

'ಮೂರು ದಾರಿ ಕಮಲಜ್ಜಿ. ಎಡಕ್ಕೆ ತಣ್ಣನೆ ಗಾಳಿ ಬರ್ತಿದೆ. ಬಲಕ್ಕೆ ಮೆಟ್ಟಿಲು. ಎದುರಿಗೆ ಚಿಕ್ಕ ಬಾಗಿಲು.'

ನಾಜಿಮಾಗೆ ಗೊತ್ತಿತ್ತು. ಎಡಕ್ಕೆ ಹೋದರೆ ನೆಲ ಕುಸಿದು, ಸೀದಾ ಮೊದಲ ಹಜಾರಕ್ಕೆ, ದೀಪ ಸಿಕ್ಕ ಜಾಗಕ್ಕೆ ಬೀಳುತ್ತಾರೆ. ಮತ್ತೆ ಇಲ್ಲಿಗೆ ಬರಲು ಅರವತ್ತು ಕೋಣೆ ನಡೆಯಬೇಕು.

'ಗಾಳಿ ಬತ್ತೈತೆ ಅಂದ್ರೆ ಹೊರಕ್ಕೆ ದಾರಿ ಐತೆ' ಎಂದಳು ಕಮಲಮ್ಮ. 'ಎಡಕ್ಕೆ ಹೋಗಾನ.'

ಜೇಬಾ ತಾಯಿಯ ಮುಖದಲ್ಲಿ ಏನಾದರೂ ಬರೆದಿದೆಯಾ ಎಂದು ಮುಂದೆ ಬಂದು ನೋಡಿದಳು.

'ಅಮ್ಮನ ಮುಖ ಓದ್ಬ್ಯಾಡ, ಗೋಡೆ ಮೇಲಿಂದು ಓದು' ಎಂದಳು ಕಮಲಮ್ಮ.

ನಾಜಿಮಾ ದುಪಟ್ಟಾವನ್ನು ಮೂಗಿನವರೆಗೂ ಎಳೆದುಕೊಂಡಳು. ಜೇಬಾ ಕಿಲಕಿಲ ನಕ್ಕಳು. ಹೊಟ್ಟೆಯೊಳಗಿನ ಉರಿ ಆರಿರಲಿಲ್ಲ. ಈ ಹೆಂಗಸು ಇಷ್ಟು ಸಲೀಸಾಗಿ ತಪ್ಪು ದಾರಿ ಹಿಡಿಯುತ್ತಾಳಲ್ಲ, ಹಿಡಿದರೂ ಮಗಳು ಅವಳನ್ನೇ ಕೇಳುತ್ತಾಳಲ್ಲ ಎಂದು ಅದು ಇನ್ನೊಂದಿಷ್ಟು ಹೊತ್ತಿಕೊಂಡಿತು. ಆದರೆ ನಗು ಈ ಸಲ ಅವಳ ಕಿವಿಯ ಪಕ್ಕದಲ್ಲೇ ಇತ್ತು.

'ಬರಿ ಅಮ್ಮಿ. ಎಡಕ್ಕೆ.'

ನಾಜಿಮಾ ಎಡಕ್ಕೆ ಎಂದು ಬರೆದು, ಗುಂಡಿ ಒತ್ತಿದಳು. ನೆಲ ಕುಸಿಯಿತು. ಹನ್ನೊಂದು ಸಾಲುಗಳಷ್ಟು ಉದ್ದ ಬೀಳುತ್ತಾ ಹೋಗುವ ಆ ಬರಹವನ್ನು ಜೇಬಾ ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ, ಕಿರುಚುತ್ತಾ ಓದಿದಳು.